ಡೆಲ್ಬರ್ಟ್ ತೂಗಿ ನೋಡಿದ ಬಂದೂಕು

ನಮ್ಮ ಕೆಟಲ್ ಫೋರ್ಕಿನಲ್ಲಿ ಒಬ್ಬ ಗಂಡಸು ಬಂದೂಕು ಕೊಳ್ಳುತ್ತೇನೆ ಎಂದರೆ ‘ಬಂದೂಕು ಯಾಕೆ?’ ಎಂದು ಕೇಳುವವರಿಲ್ಲ. ಅಮೆರಿಕದ ಐಡಹೋ ರಾಜ್ಯದ ಈ ಮೂಲೆಯಲ್ಲಿ ಹಾಗೆ ಕೇಳುವುದೂ ಒಂದೇ, ‘ನಿನಗೆ ಷರಾಯಿ ಯಾಕೆ?’ ಎಂದು ಕೇಳುವುದೂ ಒಂದೇ. ಆದರೆ ‘ಅದೇ ಬಂದೂಕು ಯಾಕೆ?’ ಎಂದು ಧಾರಾಳವಾಗಿ ಕೇಳಬಹುದು. ಕೇಳಿದವನು ಮಧ್ಯಾಹ್ನದ ಊಟದ ಆಸೆ ಬಿಡಬೇಕು, ಅಷ್ಟೇ. ಇನ್ನು ‘ಹೇಗಿದ್ದೀಯ?’ ಎಂದು ಕೇಳಿ ನೋಡಿ. ಕಾಲು ಮುರಿದುಕೊಂಡು ಚರಂಡಿಯಲ್ಲಿ ಬಿದ್ದಿರುವವನೂ ‘ಚೆನ್ನಾಗಿದ್ದೀನಿ’ ಎಂದು ಹೇಳಿ ಮುಖ ಆ ಕಡೆ ತಿರುಗಿಸುತ್ತಾನೆ. ಈ ಎರಡು ಸಂಗತಿ ತಿಳಿದಿದ್ದರೆ ಡೆಲ್ಬರ್ಟ್ ಹಾಸ್ಕಿನ್ಸನ ಫಜೀತಿ ನಿಮಗೆ ಅರ್ಥವಾಗುತ್ತದೆ. ತಿಳಿಯದಿದ್ದರೆ ನಮ್ಮೂರಿನವರಿಗೆಲ್ಲ ತಲೆ ಕೆಟ್ಟಿದೆ ಎನ್ನಿಸುತ್ತದೆ. ಅದೂ ಪೂರ್ತಿ ಸುಳ್ಳಲ್ಲ.

ಡೆಲ್ಬರ್ಟ್ ನನ್ನ ಎದುರು ಮನೆಯವನು. ಕೆಲಸದಲ್ಲಿದ್ದಷ್ಟು ಕಾಲ ಹೆದ್ದಾರಿಯ ಮೇಲಿನ ಹಿಮ ತಳ್ಳುವ ಲಾರಿ ಓಡಿಸಿದ. ನಾನು ಶಾಲೆಯ ಬಸ್ಸು ಓಡಿಸಿದೆ. ಅವನು ದಾರಿ ಮಾಡಿಕೊಟ್ಟ ಮೇಲೆ ನಾನು ಹೋಗುವುದು, ಇಷ್ಟೇ ನಮ್ಮ ಸ್ನೇಹ. ಇಬ್ಬರೂ ನಿವೃತ್ತರಾದೆವು. ಕಳೆದ ವರ್ಷ ಅವನ ಹೆಂಡತಿ ಅರ್ಲೀನ್ ತೀರಿಕೊಂಡಳು. ಅಂದಿನಿಂದ ಆ ಮನೆಯಲ್ಲಿ ಅವನೊಬ್ಬನೇ. ನಾನೂ ಒಬ್ಬನೇ, ನನ್ನ ಹೆಂಡತಿ ಬಹಳ ಹಿಂದೆಯೇ ಸೂಟ್‌ಕೇಸು ಹಿಡಿದು ಸಿಯಾಟಲ್ಲಿನ ಬಸ್ಸು ಹತ್ತಿದಳು. ಆದರೆ ನನ್ನ ಮಾತು ಬೇರೆ. ನನಗೆ ಟೀವಿ ಇದೆ, ಆಗಾಗ ಬರುವ ಬೆಕ್ಕೊಂದಿದೆ. ಅದು ಯಾರದೋ ಬೆಕ್ಕು.

ಗಂಡಸರು ಬೆಳಿಗ್ಗೆ ಹೋಗಿ ಕೂರಲು ನಮ್ಮೂರಿನಲ್ಲಿ ಇರುವುದು ಒಂದೇ ಜಾಗ, ರಾಯ್ಸ್ ಥಾರ್ಪನ ಅಂಗಡಿ. ಬಂದೂಕು, ಗಾಳ, ಎರೆಹುಳು, ಉಣ್ಣೆಯ ಕಾಲುಚೀಲ, ಎಲ್ಲ ಸಿಗುತ್ತದೆ. ಮಧ್ಯದಲ್ಲಿ ಕಬ್ಬಿಣದ ಒಲೆ, ಸುತ್ತ ನಾಲ್ಕು ಸ್ಟೂಲು, ಒಲೆಯ ಮೇಲೆ ಕಾಫಿ. ಆ ಕಾಫಿಗೆ ದುಡ್ಡಿಲ್ಲ, ರುಚಿಯೂ ಇಲ್ಲ. ಕಡವೆ ಬೇಟೆಯ ಕಾಲ ಬಂದು ಪರಊರಿನ ಗಿರಾಕಿಗಳು ಅಂಗಡಿಗೆ ನುಗ್ಗಿದಾಗ ಅವರಿಗೆ ಕೂರಲು ಜಾಗ ಇಲ್ಲದಾಯಿತು. ನಾಲ್ಕೂ ಸ್ಟೂಲಿನ ಮೇಲೆ ನಮ್ಮಂಥ ಕಾಯಂ ಪ್ರಾಣಿಗಳು. ರಾಯ್ಸ್ ನೋಡುವಷ್ಟು ನೋಡಿದ. ಒಂದು ದಿನ ‘ಈ ಸ್ಟೂಲುಗಳು ಏನಾದರೂ ಕೊಳ್ಳುವವರಿಗೆ ಮಾತ್ರ’ ಎಂದು ಒಂದು ಹಲಗೆ ನೇತು ಹಾಕಿದ.

ನನಗೆ ಯೋಚನೆ ಇರಲಿಲ್ಲ. ವಾರಕ್ಕೊಂದು ಜೊತೆ ಕಾಲುಚೀಲ ಕೊಂಡು ನನ್ನ ಸ್ಟೂಲನ್ನು ಭದ್ರ ಮಾಡಿಕೊಂಡೆ. ಈಗ ನನ್ನ ಮನೆಯಲ್ಲಿ ಸಹಸ್ರಪದಿಗೆ ಆಗುವಷ್ಟು ಕಾಲುಚೀಲ ಇವೆ, ಆ ಮಾತು ಇರಲಿ. ಡೆಲ್ಬರ್ಟನದು ಮಾತ್ರ ಅಂಥ ಉಪಾಯ ಹೊಳೆಯುವ ಜಾತಕವಲ್ಲ. ಅರ್ಲೀನ್ ಹೋದ ಮೇಲೆ ಅವನು ಆ ಅಂಗಡಿಯಲ್ಲಿ ಬಂದೂಕಿಗೆ ಹಚ್ಚುವ ಒಂದು ಶೀಶೆ ಎಣ್ಣೆ ಬಿಟ್ಟು ಬೇರೇನೂ ಕೊಂಡಿರಲಿಲ್ಲ. ಹಲಗೆ ನೇತು ಹಾಕಿದ ರಾಯ್ಸ್ ಅವನ ಕಡೆ ತಿರುಗಿದ. ಡೆಲ್ಬರ್ಟ್ ಹಲಗೆ ಓದಿದ, ಕಾಫಿ ಲೋಟ ನೋಡಿದ, ಗೋಡೆ ನೋಡಿದ. ಆಮೇಲೆ ಸೂರಿನ ಕೆಳಗೆ, ಸತ್ತ ಕಡವೆಯ ತಲೆಯ ಪಕ್ಕ ನೇತಾಡುತ್ತಿದ್ದ ವಸ್ತುವಿನ ಕಡೆ ಬೆರಳು ತೋರಿಸಿದ.

“ಅದನ್ನ ತಗೊಳ್ಳೋಣ ಅಂತ ನೋಡ್ತಾ ಇದೀನಿ,” ಅಂದ.

ಅದು ಬುಲ್‌ಪಪ್. ಹೆಸರು ನಾಯಿಮರಿಯದು, ರೂಪ ಆಮೆಯದು. ಸಾಧಾರಣ ಬಂದೂಕಿನಲ್ಲಿ ತೋಟಾ ತುಂಬುವ ಡಬ್ಬಿ, ಅದನ್ನು ಸಿಡಿಸುವ ಯಂತ್ರ ಎಲ್ಲ ಟ್ರಿಗರಿನ ಮುಂದೆ ಇರುತ್ತವೆ. ಹೆಗಲಿಗೆ ಒರಗಿಸುವ ಹಿಂಭಾಗ ಬರೀ ಮರದ ಕೊರಡು. ಬುಲ್‌ಪಪ್ಪಿನಲ್ಲಿ ಅದನ್ನೆಲ್ಲ ಹಿಂದಕ್ಕೆ ತಳ್ಳಿ ಹೆಗಲ ಬುಡಕ್ಕೇ ತುರುಕಿರುತ್ತಾರೆ. ಆದ್ದರಿಂದ ನಳಿಗೆ ಮೊಟಕಾಗದೆ ಬಂದೂಕು ಮಾತ್ರ ಗಿಡ್ಡವಾಗುತ್ತದೆ. ಒಮ್ಮೆ ಟ್ರಿಗರ್ ಎಳೆದರೆ ಒಂದು ಗುಂಡು, ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದೆ. ಯಾರೋ ಅದನ್ನು ಬಿಟ್ಟು ಹೋಗಿ ಬದಲಿಗೆ ಬೇರೊಂದು ಒಯ್ದಿದ್ದರು. ಆಮೇಲೆ ಒಬ್ಬನೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಅಜ್ಜನ ಕಾಲದ ಮರದ ಹಿಡಿಯ ಬಂದೂಕುಗಳನ್ನು ಕಂಡ ನಮ್ಮೂರಿನ ಕಣ್ಣಿಗೆ ಅದು ನೀರಿನ ಪಂಪಿನ ಬಿಡಿಭಾಗದಂತೆ ಕಾಣುತ್ತಿತ್ತು.

ರಾಯ್ಸನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಣಿ ಹತ್ತಿ ಇಳಿಸಿದ, ಧೂಳು ಒರೆಸಿದ, ತೋಟಾ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಡೆಲ್ಬರ್ಟನ ಕೈಗಿಟ್ಟ. ಡೆಲ್ಬರ್ಟ್ ಅದನ್ನು ಹೆಗಲಿಗೆ ಒರಗಿಸಿ, ಇಳಿಸಿ, ಮತ್ತೆ ಒರಗಿಸಿ, ‘ಹೂಂ, ಯೋಚನೆ ಮಾಡಬೇಕು’ ಅಂದ. ಹೋಗಿ ತನ್ನ ಸ್ಟೂಲಿನ ಮೇಲೆ ಕೂತ.

ಆ ಯೋಚನೆ ಹಿಮ ಬೀಳುವವರೆಗೂ ನಡೆಯಿತು.

ಪ್ರಪಂಚದಲ್ಲಿ ಇಷ್ಟು ದಿನ ತೂಗಬಹುದಾದ ವಸ್ತು ಮತ್ತೊಂದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಅದರಲ್ಲಿ ಎಷ್ಟು ಗುಣವೋ ಅಷ್ಟೇ ದೋಷ. ಡೆಲ್ಬರ್ಟ್ ಬೆಳಿಗ್ಗೆ ಬಂದು ಒಂದು ಗುಣ ಹೇಳುತ್ತಿದ್ದ. ಭಾರವೆಲ್ಲ ಹೆಗಲ ಹತ್ತಿರ ಇರೋದರಿಂದ ತೋಳು ಸೋಲೋದಿಲ್ಲ, ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ತೆಗೀಬಹುದು. ನಾವು ತಲೆದೂಗುತ್ತಿದ್ದೆವು. ಎರಡನೇ ಲೋಟದ ಹೊತ್ತಿಗೆ ಅವನೇ ಅದಕ್ಕೆ ಒಂದು ದೋಷ ತರುತ್ತಿದ್ದ. ಟ್ರಿಗರಿನಿಂದ ಹಿಂದಿನ ಯಂತ್ರಕ್ಕೆ ಉದ್ದ ಸಲಾಕೆ ಹೋಗಬೇಕಲ್ಲ, ಎಳೆದರೆ ಗಂಜಿಯಲ್ಲಿ ಚಮಚ ಎಳೆದ ಹಾಗೆ ಆಗುತ್ತೆ. ಮಾರನೆಯ ದಿನ ತೋಟಾ ಡಬ್ಬಿಯ ವಿಚಾರ. ಅದು ಕಂಕುಳ ಕೆಳಗೆ ಇರುವುದರಿಂದ ಬದಲಿಸುವಾಗ ಮನುಷ್ಯ ತನ್ನನ್ನೇ ತುರಿಸಿಕೊಳ್ಳುವವನ ಹಾಗೆ ಕಾಣುತ್ತಾನೆ. ಅದರ ಮಾರನೆಯ ದಿನ ಸದ್ದಿನ ವಿಚಾರ, ಸಿಡಿಯುವುದು ಕಿವಿಯ ಪಕ್ಕದಲ್ಲೇ. ಈ ದೋಷವನ್ನು ನಾನೇ ಎತ್ತಿದ್ದೆ. ಅವನಿಗೆ ಸಹಾಯವಾಗಲಿ ಎಂದಲ್ಲ, ಆ ಬಂದೂಕನ್ನು ಕಂಡರೆ ನನಗೆ ನಿಜವಾಗಿಯೂ ಆಗುತ್ತಿರಲಿಲ್ಲ.

ಒಂದು ದಿನ ರಾಯ್ಸ್ ಅವನನ್ನೇ ದಿಟ್ಟಿಸಿ ನೋಡಿ, “ಡೆಲ್, ನೀನು ಎಡಚ ಅಲ್ವೇನಯ್ಯಾ?” ಅಂದ.

ಹೌದು, ಎಡಚ. ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ಬುಲ್‌ಪಪ್ಪಿನ ಖಾಲಿ ತೋಟಾ ಬಲಗಡೆ ಹಿಂದಿನಿಂದ ಚಿಮ್ಮುತ್ತದೆ. ಎಡಗೈಯವನು ಹಿಡಿದರೆ ಆ ಬಿಸಿ ಹಿತ್ತಾಳೆ ನೆಟ್ಟಗೆ ಅವನ ಕೆನ್ನೆಗೆ. ಇಷ್ಟು ವಾರ ತೂಗಿದವನ ಲೆಕ್ಕಕ್ಕೆ ಇದು ಬಂದೇ ಇರಲಿಲ್ಲ. ಬೇರೆಯವರಾಗಿದ್ದರೆ ಇಂಗು ತಿಂದ ಮಂಗನಂತೆ ಎದ್ದು ಮನೆಗೆ ಹೋಗುತ್ತಿದ್ದರು. ಡೆಲ್ಬರ್ಟನ ಮುಖ ಅರಳಿತು. ಹಾಗಾದರೆ ಬಲಗೈಯಲ್ಲಿ ಹೊಡೆಯೋದನ್ನ ಕಲಿಯಬಹುದಾ, ಇಲ್ಲ ಚಿಮ್ಮೋ ಕಡೆಯನ್ನ ಬದಲಾಯಿಸೋಕೆ ಬರುತ್ತಾ ಎಂದು ಹೊಸದಾಗಿ ಶುರುಮಾಡಿದ. ರಾಯ್ಸ್ ಹೋಗಿ ಎರೆಹುಳುಗಳನ್ನು ಎಣಿಸತೊಡಗಿದ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ರಾಯ್ಸನಿಗೆ ಒಬ್ಬಳು ಅಕ್ಕ ಇದ್ದಾಳೆ, ವೆಲ್ಮಾ. ಲೂಥರನ್ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಊರಿನಲ್ಲಿ ಯಾರಿಗೆ ಸೀನು ಬಂದರೂ ವೆಲ್ಮಾಳ ಕೈಗೆ ಕರವಸ್ತ್ರ ಮೊದಲೇ ಬಂದಿರುತ್ತದೆ. ಒಂದು ಬೆಳಿಗ್ಗೆ ಅವಳು ತಮ್ಮನಿಗೆ ಬುತ್ತಿ ತಂದಳು. ಆ ಹೊತ್ತಿಗೆ ಡೆಲ್ಬರ್ಟ್ ಬುಲ್‌ಪಪ್ ಹಿಡಿದು ಕಾಲುಚೀಲದ ಕಪಾಟಿಗೂ ಗಾಳದ ಕಪಾಟಿಗೂ ನಡುವಿನ ಸಂದಿಯಲ್ಲಿ ಬುಗುರಿಯ ಹಾಗೆ ಗಿರ್ರನೆ ಸುತ್ತುತ್ತಿದ್ದ. ಅದೇನು ಎಂದು ಕೇಳಿದ್ದಕ್ಕೆ, ‘ಮನೆಯೊಳಗೆ ತಿರುಗಿಸೋಕೆ ಸುಲಭ’ ಎಂದು ತೋರಿಸುತ್ತಿದ್ದೇನೆ ಎಂದ. ‘ಮನೇಲಿ ಯಾರಿದ್ದಾರೆ ನಿಂಗೆ?’ ಎಂದು ವೆಲ್ಮಾ ಕೇಳಿದಳು. ‘ಯಾರೂ ಇಲ್ಲ, ಒಬ್ಬನೇ’ ಎಂದು ಡೆಲ್ಬರ್ಟ್ ಇನ್ನೊಂದು ಸುತ್ತು ಸುತ್ತಿದ.

ವೆಲ್ಮಾ ಬುತ್ತಿಯನ್ನು ತಮ್ಮನಿಗೆ ಕೊಡುವುದನ್ನೂ ಮರೆತು ಹಾಗೇ ವಾಪಸ್ ಹೊತ್ತುಕೊಂಡು ಹೊರಟಳು. ಯಾಕೆಂದರೆ ಆ ವಾರವಷ್ಟೇ ಡೆಲ್ಬರ್ಟ್ ಅರ್ಲೀನಳ ದೊಡ್ಡ ಫ್ರೀಜರನ್ನು ಚರ್ಚಿಗೆ ಕೊಟ್ಟಿದ್ದ. ಒಬ್ಬನಿಗೆ ಅಷ್ಟು ದೊಡ್ಡದು ಯಾಕೆ, ಖಾಲಿ ಪೆಟ್ಟಿಗೆ ರಾತ್ರಿಯೆಲ್ಲ ಗೊರಗೊರ ಅನ್ನುತ್ತೆ ಎಂದಿದ್ದ. ಅದರ ಹಿಂದಿನ ವಾರ ಮೀನು ಹಿಡಿಯುವ ದೋಣಿಯನ್ನು ಪಾದ್ರಿ ಎರಿಕ್ಸನ್ನರಿಗೆ ಕೊಟ್ಟಿದ್ದ. ಇಬ್ಬರು ಕೂತರೆ ಸಮ ಇರುತ್ತೆ, ಒಬ್ಬನೇ ಕೂತರೆ ಮೂತಿ ಮೇಲೆತ್ತುತ್ತೆ ಎಂಬುದು ಅದಕ್ಕೆ ಅವನ ಕಾರಣ. ವೆಲ್ಮಾ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಡೆದ ಒಂದು ತರಗತಿಗೆ ಹೋಗಿದ್ದಳು. ಬದುಕಿಗೆ ಬೇಸತ್ತು ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ಹೇಗೆ ಗುರುತಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಒಂಟಿಯಾಗಿರುತ್ತಾರೆ, ತಮ್ಮ ಸಾಮಾನು ಹಂಚಿಬಿಡುತ್ತಾರೆ, ಇದ್ದಕ್ಕಿದ್ದ ಹಾಗೆ ಬಂದೂಕು ಹುಡುಕುತ್ತಾರೆ. ಎಲ್ಲವೂ ತಾಳೆಯಾಯಿತು. ಆ ತರಗತಿ ಒಳ್ಳೆಯದೇ, ನಾನು ಹೀಗಳೆಯುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ನಡುವೆ ಅದನ್ನು ನಡೆಸಿದ್ದು ಮಾತ್ರ ತಪ್ಪು.

ಸಂಜೆ ಚರ್ಚಿನ ಅಡುಗೆಮನೆಯಲ್ಲಿ ಸಭೆ ಸೇರಿತು. ವೆಲ್ಮಾ, ರಾಯ್ಸ್, ಪಾದ್ರಿಗಳು, ಎದುರು ಮನೆಯವನಾದ್ದರಿಂದ ನಾನು. ವೆಲ್ಮಾ ವಿಷಯ ಮಂಡಿಸಿದಳು. ಎಲ್ಲರ ಮುಖವೂ ಬಾಡಿತು. ನನ್ನ ಮುಖವೂ, ಸುಳ್ಳು ಯಾಕೆ ಹೇಳಲಿ. ‘ಅವನನ್ನೇ ಕೇಳಿಬಿಟ್ಟರಾಯಿತಲ್ಲ’ ಎಂದು ನಾನು ಹೇಳಿದೆ. ಪಾದ್ರಿಗಳ ಮುಂದೆ ಬಟ್ಟೆ ಬಿಚ್ಚಿ ನಿಂತಿದ್ದರೂ ಅವರು ನನ್ನನ್ನು ಹಾಗೆ ನೋಡುತ್ತಿರಲಿಲ್ಲವೇನೋ. ಕೇಳುವುದಂತೆ! ಅವನು ‘ಚೆನ್ನಾಗಿದ್ದೀನಿ’ ಅನ್ನುತ್ತಾನೆ, ಆಮೇಲೆ ಕೇಳಿದವನೂ ಅವನೂ ಇಡೀ ಚಳಿಗಾಲ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ.

ಇಂಥದ್ದಕ್ಕೆ ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ ಒಂದಿದೆ. ಯಾರಿಗಾದರೂ ಕೆಟ್ಟ ಕಾಲ ಬಂದಿದೆ ಎಂದರೆ ಸ್ನೇಹಿತರು ಹೋಗಿ ಅವನ ಬಂದೂಕುಗಳನ್ನು ಎರವಲು ತಂದು ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ಅವನು ಸರಿಹೋದ ಮೇಲೆ ವಾಪಸ್ ಕೊಡುತ್ತಾರೆ. ಯಾಕೆ ಒಯ್ದರು ಎಂದು ಕೊಟ್ಟವನಿಗೂ ಗೊತ್ತು, ಒಯ್ದವನಿಗೂ ಗೊತ್ತು. ಇಬ್ಬರೂ ಬಾಯಿ ಬಿಡುವುದಿಲ್ಲ. ಮನುಷ್ಯ ಮನುಷ್ಯನನ್ನು ತಬ್ಬಿಕೊಳ್ಳಲು ನಾಚುವ ಊರಿನಲ್ಲಿ ಇದಕ್ಕಿಂತ ದೊಡ್ಡ ಪ್ರೀತಿ ಇಲ್ಲ. ಡೆಲ್ಬರ್ಟನಿಗೆ ತನಗೆ ಕೆಟ್ಟ ಕಾಲ ಬಂದಿದೆ ಎನ್ನುವುದೇ ಗೊತ್ತಿರಲಿಲ್ಲ, ತೊಂದರೆ ಆದದ್ದು ಅಲ್ಲಿ.

ಮಾರನೆಯ ದಿನ ರಾಯ್ಸ್ ಹೋಗಿ ಅವನ ಕಡವೆ ಬಂದೂಕು ತಂದ. ಇಡೀ ಅಂಗಡಿಯ ತುಂಬ ಬಂದೂಕು ಇಟ್ಟುಕೊಂಡವನು ಎರವಲು ಕೇಳಿದ್ದು ಡೆಲ್ಬರ್ಟನಿಗೆ ವಿಚಿತ್ರ ಎನ್ನಿಸಲಿಲ್ಲ. ಪಾದ್ರಿಗಳು ಅಳಿಲು ಕಾಟ ಎಂದು ಚಿಕ್ಕ ರೈಫಲ್ ಒಯ್ದರು. ಹಿಮ ಬಿದ್ದು ನಮ್ಮ ಕಡೆಯ ನೆಲದ ಅಳಿಲುಗಳೆಲ್ಲ ಬಿಲದಲ್ಲಿ ನಿದ್ದೆ ಹೊಡೆಯುತ್ತಿದ್ದವು. ವೆಲ್ಮಾ ಅಂಗಳಕ್ಕೆ ಸ್ಕಂಕ್ ಎಂಬ ನಾತದ ಪ್ರಾಣಿ ಬಂದಿದೆ ಎಂದು ಪಿಸ್ತೂಲು ಕೇಳಿ ಪಡೆದು, ಸತ್ತ ಇಲಿಯನ್ನು ಹಿಡಿದವಳಂತೆ ಎರಡು ಬೆರಳಿನಲ್ಲಿ ಹಿಡಿದು ಕಾರಿಗೆ ಹೋದಳು. ನನ್ನ ಪಾಲಿಗೆ ಬಂದದ್ದು ಅವನ ಅಪ್ಪನ ಕಾಲದ ಜೋಡುನಳಿಗೆ. ‘ನಂದು ರಿಪೇರಿಗೆ ಹೋಗಿದೆ’ ಎಂದೆ. ‘ಯಾರ ಹತ್ತಿರ?’ ಎಂದ. ‘ರಾಯ್ಸ್ ಹತ್ತಿರ’ ಎಂದೆ. ‘ಪಾಪ, ಅದಕ್ಕೇ ಅವನಿಗೆ ಕೈತುಂಬ ಕೆಲಸ’ ಎಂದು ಅವನೇ ನನಗೆ ಸಮಾಧಾನ ಹೇಳಿದ.

ಹೋದವರನ್ನು ಅವನು ಹಾಗೇ ಬಿಡುತ್ತಿರಲಿಲ್ಲ. ಕಾಫಿ ಇಡುತ್ತಿದ್ದ, ಕುರ್ಚಿ ಎಳೆಯುತ್ತಿದ್ದ, ಬುಲ್‌ಪಪ್ಪಿನ ಗುಣದೋಷ ಶುರುಮಾಡುತ್ತಿದ್ದ. ಹೋದವರು ಅವನ ಬಾಯಿಂದ ಬೇರೆ ಏನಾದರೂ ಮಾತು ಬರುತ್ತದೆಯೇ ಎಂದು ಕಾದು ಕೂರುತ್ತಿದ್ದರು. ಅವನು ಬೇರೆ ಮಾತೇ ಆಡುತ್ತಿರಲಿಲ್ಲ. ಇವನ ತಲೆಯಲ್ಲಿ ಅದೊಂದೇ ಕೂತುಬಿಟ್ಟಿದೆ ಎಂದು ಅವರು ಇನ್ನಷ್ಟು ಹೆದರಿ ಮರುದಿನ ಮತ್ತೆ ಹೋಗುತ್ತಿದ್ದರು. ಅವರು ಬಂದಷ್ಟೂ ಅವನ ಉತ್ಸಾಹ ಹೆಚ್ಚುತ್ತಿತ್ತು. ಇಷ್ಟು ಜನಕ್ಕೆ ಬುಲ್‌ಪಪ್ಪಿನ ಮೇಲೆ ಆಸಕ್ತಿ ಇದೆ ಎಂದು ತನಗೆ ಗೊತ್ತೇ ಇರಲಿಲ್ಲ ಎಂದು ಅವನು ನನ್ನ ಹತ್ತಿರ ಹೇಳಿದ. ಪಾದ್ರಿಗಳಂತೂ ಟ್ರಿಗರಿನ ವಿಚಾರ ಕೇಳುವಾಗ ಕಣ್ಣಲ್ಲಿ ನೀರು ತಂದುಕೊಂಡರಂತೆ.

ನಾನು ಎಲ್ಲವನ್ನೂ ನನ್ನ ಕಿಟಕಿಯಿಂದ ನೋಡುತ್ತಿದ್ದೆ. ಬೆಳಿಗ್ಗೆ ಒಂದು ಕಾರು, ಸಂಜೆ ಒಂದು ಕಾರು, ಎಲ್ಲರ ಕೈಯಲ್ಲೂ ಮುಚ್ಚಿದ ಪಾತ್ರೆ. ಎರಡು ವರ್ಷದ ಹಿಂದೆ ನಾನು ನ್ಯುಮೋನಿಯಾದಲ್ಲಿ ಮಲಗಿದ್ದಾಗ ನನ್ನ ಬಾಗಿಲಿಗೆ ಒಂದು ಬಟಾಣಿ ಕಾಳೂ ಬಂದಿರಲಿಲ್ಲ. ಹಾಗೆಂದು ನನಗೇನೂ ಹೊಟ್ಟೆಕಿಚ್ಚಿಲ್ಲ. ಸುಮ್ಮನೆ ಹೇಳಿದೆ.

ಎಲ್ಲ ಬಂದೂಕೂ ಮನೆ ಬಿಟ್ಟ ಮೇಲೆ ಡೆಲ್ಬರ್ಟ್ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಗಂಭೀರವಾಗಿ ಹೇಳಿದ.

“ರಾಯ್ಸ್, ಈಗ ಮನೇಲಿ ಒಂದೂ ಇಲ್ಲ ನೋಡು. ಎಲ್ಲಾನೂ ನೀವುಗಳು ತಗೊಂಡು ಹೋದ್ರಿ. ಇನ್ನು ಯೋಚನೆ ಮಾಡ್ತಾ ಕೂತ್ರೆ ಆಗಲ್ಲ ಅನ್ಸುತ್ತೆ. ಬುಲ್‌ಪಪ್ ತಗೊಂಡೇ ಬಿಡ್ತೀನಿ.”

ನಾವು ನಾಲ್ಕು ಜನ ಸೇರಿ ಅವನನ್ನು ಬಂದೂಕಿನಿಂದ ದೂರ ಇಡಲು ಹೋಗಿ, ಬಂದೂಕು ಕೊಳ್ಳದೆ ಗತಿಯಿಲ್ಲದ ಸ್ಥಿತಿಗೆ ತಂದಿದ್ದೆವು. ರಾಯ್ಸ್ ತಡವರಿಸಿ, ಇವತ್ತು ಕಂಪ್ಯೂಟರ್ ಕೆಟ್ಟಿದೆ, ಮಾರಾಟ ಬರೆದುಕೊಳ್ಳೋಕೆ ಆಗಲ್ಲ, ನಾಳೆ ಬಾ ಎಂದು ಅವನನ್ನು ಸಾಗಹಾಕಿದ. ಅವನು ಆಚೆ ಹೋದದ್ದೇ ತಡ, ಆ ಬಂದೂಕನ್ನು ಗೋಡೆಯಿಂದ ಕಿತ್ತು ಹಿಂದಿನ ಕೋಣೆಯಲ್ಲಿ ಕಾಲುಚೀಲದ ಪೆಟ್ಟಿಗೆಗಳ ಕೆಳಗೆ ಹೂತಿಟ್ಟ.

ಮಾರನೆಯ ಬೆಳಿಗ್ಗೆ ಡೆಲ್ಬರ್ಟ್ ಬಂದಾಗ ಕಡವೆಯ ತಲೆಯ ಪಕ್ಕ ಬರೀ ಮೊಳೆ ಇತ್ತು.

“ಮಾರಿ ಹೋಯ್ತು,” ಅಂದ ರಾಯ್ಸ್.

“ಯಾರಿಗೆ?”

ರಾಯ್ಸನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಯಾರೋ ದಂತವೈದ್ಯ, ಬಾಯ್ಸಿ ಪಟ್ಟಣದ ಕಡೆಯವನು ಎಂದು ಗೊಣಗಿದ.

“ಬಲಗೈಯವನಾ?” ಎಂದು ಡೆಲ್ಬರ್ಟ್ ಕೇಳಿದ.

ಹೌದು ಎಂದು ರಾಯ್ಸ್ ತಲೆಯಾಡಿಸಿದ. ‘ಹಾಗಾದ್ರೆ ಒಳ್ಳೇದಾಯ್ತು’ ಎಂದ ಡೆಲ್ಬರ್ಟ್. ನಿಂತೇ ಕಾಫಿ ಕುಡಿದ. ಆಮೇಲೆ ಆ ಹಲಗೆಯನ್ನು ಒಮ್ಮೆ ನೋಡಿ, ಲೋಟವನ್ನು ತೊಳೆದು ಬೋರಲು ಹಾಕಿದ. ಆ ಅಂಗಡಿಯಲ್ಲಿ ಲೋಟ ತೊಳೆದವರನ್ನು ನಾನು ಕಂಡಿರಲಿಲ್ಲ. ಟೋಪಿ ಹಾಕಿಕೊಂಡು ಹೋದ. ರಾಯ್ಸ್ ಗೆದ್ದವನಂತೆ ನನ್ನ ಕಡೆ ನೋಡಿದ. ನನಗೆ ಯಾಕೋ ಕಾಫಿ ಸೇರಲಿಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವನ ಪಿಕಪ್ಪಿನ ಮೇಲೆ ಹಿಮ ಕೂತಿತು, ಅದನ್ನು ಕೆಡವುವವರಿಲ್ಲ. ಜೀವಮಾನವಿಡೀ ಊರಿನ ಹಿಮ ತಳ್ಳಿದವನ ಅಂಗಳದಲ್ಲಿ ಹೆಜ್ಜೆ ಗುರುತೂ ಇಲ್ಲ. ಕಿಟಕಿಯ ಪರದೆ ಸರಿದಿರಲಿಲ್ಲ. ನಾನು ರಸ್ತೆ ದಾಟಿ ಹೋಗಿ ಬಾಗಿಲು ತಟ್ಟಬೇಕೆಂದು ಬೂಟು ಹಾಕಿಕೊಂಡೆ. ಏನು ಹೇಳುವುದು ಎಂದು ಗೊತ್ತಾಗದೆ ಬಿಚ್ಚಿಟ್ಟೆ. ಆ ದಿನ ಹಾಗೆ ಎಷ್ಟು ಸಲ ಬೂಟು ಹಾಕಿ ಬಿಚ್ಚಿದೆನೋ. ಕೊನೆಗೆ ವೆಲ್ಮಾಳಿಗೆ ಫೋನು ಮಾಡಿದೆ. ವೆಲ್ಮಾ ಪೊಲೀಸರಿಗೆ, ಅಂದರೆ ಶೆರಿಫರ ಕಚೇರಿಗೆ ಫೋನು ಮಾಡಿದಳು.

ಬಂದವಳು ಡೆಪ್ಯುಟಿ ಮಾರ್ನಿ ಓಲ್ಸನ್. ಚಿಕ್ಕವಳಿದ್ದಾಗ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಸೇಬಿನ ತಿರುಳು ಎಸೆಯುತ್ತಿದ್ದವಳು, ಈಗ ಸೊಂಟದಲ್ಲಿ ಪಿಸ್ತೂಲು, ಎದೆಯ ಮೇಲೆ ನಕ್ಷತ್ರ. ಅವಳು ಮುಂದೆ, ಹಿಂದೆ ವೆಲ್ಮಾ, ಅವಳ ಹಿಂದೆ ರಾಯ್ಸ್, ಪಾದ್ರಿಗಳು, ಕೊನೆಗೆ ನಾನು. ಮೆರವಣಿಗೆ ಹಿಮ ತುಳಿದುಕೊಂಡು ಅವನ ಬಾಗಿಲಿಗೆ ಹೋಯಿತು. ವೆಲ್ಮಾಳ ಕೈಯಲ್ಲಿ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆಯ ದೊಡ್ಡ ತಟ್ಟೆ. ಅದನ್ನು ನಮ್ಮಲ್ಲಿ ಸಾವಿನ ಮನೆಗೆ ಬಿಟ್ಟು ಬೇರೆಲ್ಲೂ ಒಯ್ಯುವುದಿಲ್ಲ. ಗಾಬರಿಯಲ್ಲಿ ಅವಳ ಕೈ ತಾನಾಗಿ ಅದನ್ನೇ ಮಾಡಿಬಿಟ್ಟಿತ್ತು.

ಬಾಗಿಲು ತೆರೆಯಿತು. ಡೆಲ್ಬರ್ಟ್ ಸ್ವೆಟರ್ ಹಾಕಿಕೊಂಡು ನಿಂತಿದ್ದ. ಗಡ್ಡ ಬೆಳೆದಿತ್ತು. ನಮ್ಮನ್ನೆಲ್ಲ ನೋಡಿದ, ಡೆಪ್ಯುಟಿಯನ್ನು ನೋಡಿದ, ಆಲೂಗಡ್ಡೆಯ ತಟ್ಟೆಯ ಮೇಲೆ ಅವನ ಕಣ್ಣು ನಿಂತಿತು.

“ಯಾರು ಹೋದ್ರು?” ಅಂದ.

ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸಿದ. ಯಾರು ಕಡಿಮೆ ಎಂದು ನೋಡುತ್ತಿದ್ದ. ಕೊನೆಯಲ್ಲಿದ್ದ ನನ್ನನ್ನು ಕಂಡು ಅವನ ಮುಖದಲ್ಲಿ ಒಂದು ನಿರಾಳ ಕಾಣಿಸಿತು. ಅದನ್ನು ನಾನು ಮರೆತಿಲ್ಲ.

ಮಾರ್ನಿ ಟೋಪಿ ತೆಗೆದಳು. “ಮಿಸ್ಟರ್ ಹಾಸ್ಕಿನ್ಸ್, ನಿಮ್ಮನ್ನ ಒಂದು ಮಾತು ಕೇಳಬೇಕು. ನೇರವಾಗಿ ಕೇಳ್ತೀನಿ. ನಿಮಗೆ ಪ್ರಾಣ ಕಳಕೊಳ್ಳೋ ಯೋಚನೆ ಏನಾದ್ರೂ ಬಂದಿದೆಯಾ?”

ನಾವೆಲ್ಲರೂ ಬೂಟು ನೋಡಿಕೊಂಡೆವು. ಪಾದ್ರಿಗಳೂ ನೋಡಿಕೊಂಡರು. ಕೆಟಲ್ ಫೋರ್ಕಿನಲ್ಲಿ ಒಬ್ಬ ಮನುಷ್ಯನಿಗೆ ಇನ್ನೊಬ್ಬ ಹೀಗೆ ಮುಖಕ್ಕೆ ಮುಖ ಕೊಟ್ಟು ಕೇಳಿದ್ದು ಅದೇ ಮೊದಲಿರಬೇಕು.

“ಇಲ್ಲಮ್ಮ,” ಅಂದ ಡೆಲ್ಬರ್ಟ್. ಆಮೇಲೆ ಅವನ ಮುಖದಲ್ಲಿ ಒಂದೊಂದೇ ಹೊಳೆಯುತ್ತ ಹೋಯಿತು. ಅಳಿಲು, ನಾತದ ಪ್ರಾಣಿ, ದಂತವೈದ್ಯ, ನನ್ನ ರಿಪೇರಿ. “ಅದಕ್ಕಾ ನೀವೆಲ್ಲ ಬರ್ತಿದ್ದಿದ್ದು? ಬುಲ್‌ಪಪ್ ವಿಷಯ ಕೇಳೋಕಲ್ವಾ?”

ವೆಲ್ಮಾ ಮೂಗು ಒರೆಸಿಕೊಂಡು, ಹಾಗಾದರೆ ಆ ಹಾಳು ಬಂದೂಕು ಅವನಿಗೆ ಯಾಕೆ ಬೇಕಿತ್ತು ಎಂದು ಕೇಳಿದಳು.

“ಬಂದೂಕು ಯಾರಿಗೆ ಬೇಕಿತ್ತು, ವೆಲ್ಮಾ. ನಂಗೆ ಆ ಸ್ಟೂಲು ಬೇಕಿತ್ತು. ಅರ್ಲೀನ್ ಇದ್ದಾಗ ದಿನಾ ಕೇಳೋಳು, ಆ ಟೋಪಿ ಯಾಕೆ ಹಾಕ್ಕೊಂಡೆ, ಆ ದಾರೀಲಿ ಯಾಕೆ ಹೋದೆ ಅಂತ. ಉತ್ತರ ಹೇಳಿ ಹೇಳಿ ಸಾಕಾಗೋದು. ಈಗ ಮನೇಲಿ ಒಂದು ‘ಯಾಕೆ’ ಅನ್ನೋರಿಲ್ಲ. ಅಂಗಡೀಲಿ ನೀವು ದಿನಾ ಬೆಳಿಗ್ಗೆ ಕೇಳ್ತಿದ್ರಿ, ಅದೇ ಯಾಕಯ್ಯಾ, ಬೇರೇದು ಯಾಕಿಲ್ಲ ಅಂತ. ನಂಗೆ ಅಷ್ಟೇ ಸಾಕಾಗಿತ್ತು.”

ಅಷ್ಟು ಹೇಳಿ ಅವನು ವೆಲ್ಮಾಳ ಕೈಯಿಂದ ತಟ್ಟೆ ತೆಗೆದುಕೊಂಡು, ತಣ್ಣಗಾಗುತ್ತೆ ಎಂದು ಒಳಗೆ ಹೋದ. ಆ ಎರಡು ದಿನ ಅವನಿಗೆ ಬಂದಿದ್ದದ್ದು ಜ್ವರ.

ಊರು ನೆಮ್ಮದಿಯ ಉಸಿರು ಬಿಟ್ಟಿತು. ರಾಯ್ಸ್ ಅಂದೇ ಹಲಗೆಯನ್ನು ಒಲೆಗೆ ಹಾಕಿದ, ಬುಲ್‌ಪಪ್ಪನ್ನು ಕಾಲುಚೀಲಗಳ ಕೆಳಗಿನಿಂದ ಅಗೆದು ಅದೇ ಮೊಳೆಗೆ ನೇತು ಹಾಕಿದ, ದಂತವೈದ್ಯ ವಾಪಸ್ ಕೊಟ್ಟ ಎಂದು ಕೇಳಿದವರಿಗೆಲ್ಲ ಹೇಳಿದ. ಆ ವಾರವೇ ಎಲ್ಲರೂ ಬಂದೂಕು ಹಿಂದಿರುಗಿಸಿದರು. ಡೆಲ್ಬರ್ಟನ ಅಂಗಳದಲ್ಲಿ ಕಾರು ನಿಲ್ಲುತ್ತಿತ್ತು, ಎಂಜಿನ್ ಆರಿಸುತ್ತಿರಲಿಲ್ಲ. ಬಾಗಿಲಲ್ಲೇ ಕೊಟ್ಟು, ಥ್ಯಾಂಕ್ಸ್ ಹೇಳಿ, ಹೊರಟುಬಿಡುತ್ತಿದ್ದರು. ಸಾಯುವುದಿಲ್ಲ ಎಂದು ಗಟ್ಟಿಯಾದ ಮನುಷ್ಯನ ಮನೆಗೆ ಪಾತ್ರೆ ಹಿಡಿದು ಹೋಗಲು ಯಾರಿಗೆ ಪುರುಸೊತ್ತಿದೆ? ಊರಿನವರನ್ನು ದೂರುವುದಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಿತ್ತು, ಎಲ್ಲರಿಗೂ ಅವರವರ ಮನೆ, ಅವರವರ ಮಕ್ಕಳು. ಹೀಗೆ ಆ ಬಾಗಿಲ ಮುಂದೆ ಕಾರು ನಿಲ್ಲುವುದು ನಿಂತಿತು. ಡೆಲ್ಬರ್ಟನೂ ಅಂಗಡಿಗೆ ಬರಲಿಲ್ಲ. ತನ್ನ ಗುಟ್ಟು ಊರಿಗೆಲ್ಲ ಗೊತ್ತಾದ ಮೇಲೆ ಯಾವ ಮುಖ ಹೊತ್ತುಕೊಂಡು ಟ್ರಿಗರಿನ ಮಾತು ತೆಗೆಯುವುದು? ಅವನ ಸ್ಟೂಲು ಖಾಲಿ ಬಿದ್ದಿತ್ತು. ಯಾರು ಬೇಕಾದರೂ ಕೂರಬಹುದಿತ್ತು, ಯಾರೂ ಕೂರಲಿಲ್ಲ.

ಬಂದೂಕು ವಾಪಸ್ ಕೊಡದೆ ಉಳಿದವನು ನಾನೊಬ್ಬನೇ. ಜೋಡುನಳಿಗೆಗೆ ಎಣ್ಣೆ ಹಚ್ಚಬೇಕಿತ್ತು, ಒಂದು ವಾರ ಅದಾಯಿತು. ಇನ್ನೊಂದು ವಾರ ಒರೆಸಬೇಕಿತ್ತು. ಎಷ್ಟು ಒರೆಸಿದರೂ ಒಂದು ದಿನ ಒರೆಸಿ ಮುಗಿಯುತ್ತದೆ. ಆ ಬೆಳಿಗ್ಗೆ ಹೊಸ ಕಾಲುಚೀಲ ಹಾಕಿಕೊಂಡು, ಬಂದೂಕು ಹೆಗಲ ಮೇಲಿಟ್ಟು, ರಸ್ತೆ ದಾಟಿದೆ.

ಡೆಲ್ಬರ್ಟ್ ಬಾಗಿಲು ತೆರೆದು, ಬಂದೂಕು ತೆಗೆದುಕೊಳ್ಳಲು ಕೈ ಚಾಚಿದ. ಎಲ್ಲರೂ ಬಾಗಿಲಲ್ಲೇ ಕೊಟ್ಟು ಹೋಗಿದ್ದರಿಂದ ಅವನಿಗೆ ಅದೇ ರೂಢಿಯಾಗಿತ್ತು. ನಾನು ಕೊಡದೆ ಒಳಗೆ ನುಗ್ಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂತೆ. ಅವನು ಕಾಫಿ ಇಟ್ಟ. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹೇಗಿದ್ದೀಯ ಎಂದು ಕೇಳಬೇಕೆಂದು ರಸ್ತೆಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿಂದ ಹೊರಟದ್ದೇ ಬೇರೆ.

“ಅಲ್ಲ ಡೆಲ್, ಆ ಬುಲ್‌ಪಪ್ ತೋಟಾ ಚಿಮ್ಮೋ ಕಡೆ ಬದಲಾಯಿಸೋಕೆ ಬರುತ್ತಾ ಅಂತಿದ್ಯಲ್ಲ, ಅದು ನಿಜವಾಗ್ಲೂ ಆಗುತ್ತಾ?”

ಅವನ ಕೈಯಲ್ಲಿದ್ದ ಚಮಚ ನಿಂತಿತು. “ಯಾಕೆ?”

“ತಗೊಳ್ಳೋಣ ಅಂತ ನೋಡ್ತಾ ಇದೀನಿ.”

“ನೀನಾ? ಅದನ್ನ ಕಂಡ್ರೆ ಉಗೀತಿದ್ದೋನು ನೀನು. ಅದೇ ಯಾಕೆ ಬೇಕು ನಿಂಗೆ, ಆರ್ವಿಲ್?”

ಬಹಳ ದಿನವಾಗಿತ್ತು, ಯಾರಾದರೂ ನನ್ನ ಹೆಸರು ಹಿಡಿದು ಒಂದು ಪ್ರಶ್ನೆ ಕೇಳಿ. ಬಾಯಿಗೆ ಬಂದದ್ದನ್ನು ಹೇಳಿದೆ.

“ಮನೆಯೊಳಗೆ ತಿರುಗಿಸೋಕೆ ಸುಲಭ.”

ಡೆಲ್ಬರ್ಟ್ ನನ್ನ ಮುಖ ನೋಡಿದ. ಹೊಸ ಕಾಲುಚೀಲ ನೋಡಿದ. ಕಿಟಕಿಯಾಚೆ ರಸ್ತೆಯ ಎದುರಿಗೆ ನನ್ನ ಮನೆಯ ಕಡೆ, ಒಂದೇ ಸಾಲು ಹೆಜ್ಜೆ ಮೂಡಿದ್ದ ನನ್ನ ಅಂಗಳದ ಕಡೆ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿ, ಕೆಮ್ಮಿ, ಏನೋ ನೆನಪಾದವನಂತೆ ಅಂದ.

“ಆರ್ವಿಲ್, ಆ ನಿನ್ನ ಜಿಂಕೆ ಬಂದೂಕು ಇದೆಯಲ್ಲ, ಸ್ವಲ್ಪ ದಿನ ನಂಗೆ ಎರವಲು ಬೇಕಿತ್ತು.”

ಅವನ ಮನೆಗೆ ಅವನ ಬಂದೂಕುಗಳೆಲ್ಲ ವಾಪಸ್ ಬಂದಿದ್ದವು. ಇನ್ನೊಂದು ಅವನಿಗೆ ಯಾತಕ್ಕೂ ಬೇಕಿರಲಿಲ್ಲ. ನಾನು ತಲೆ ತಗ್ಗಿಸಿ ಕಾಫಿಯನ್ನು ಕಲಕಿದೆ. ಅದಕ್ಕೆ ಸಕ್ಕರೆ ಹಾಕಿರಲಿಲ್ಲ, ಸುಮ್ಮನೆ ಕಲಕಿದೆ. ಚಮಚ ಕೆಳಗಿಟ್ಟು, ನಾಳೆ ತಂದುಕೊಡುತ್ತೇನೆ ಎಂದೆ.

“ತರೋದು ಬೇಡ,” ಅಂದ ಡೆಲ್ಬರ್ಟ್. “ನಾನೇ ಬರ್ತೀನಿ. ಕಾಫಿ ಇಟ್ಟಿರು.”